ಕರ್ನಾಟಕ ಕರಾವಳಿಯ ಉಬ್ಬರವಿಳಿತ ಮತ್ತು ಕಡಲ ಈಜು

ಕರ್ನಾಟಕ ಕರಾವಳಿಯ ಉಬ್ಬರವಿಳಿತ ಎಂದರೆ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ತೀರದಲ್ಲಿ ಅರಬ್ಬೀ ಸಮುದ್ರದ ನೀರಿನ ಮಟ್ಟವು ಚಂದ್ರ ಹಾಗೂ ಸೂರ್ಯರ ಗುರುತ್ವಾಕರ್ಷಣೆಯಿಂದ ನಿಯತಕಾಲಿಕವಾಗಿ ಏರುವ ಮತ್ತು ಇಳಿಯುವ ವಿದ್ಯಮಾನ. ಸುಮಾರು 300 ಕಿ.ಮೀ. ಉದ್ದದ ಈ ತೀರದಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ ಮತ್ತು ಎರಡು ಇಳಿತಗಳು ಉಂಟಾಗುತ್ತವೆ. ಏರಿಳಿತದ ಪ್ರಮಾಣವು ಗುಜರಾತಿನ ಖಂಭಾತ್ ಕೊಲ್ಲಿಗೆ ಹೋಲಿಸಿದರೆ ಅಲ್ಪವಾದದ್ದು. ಆದರೂ ಅಳಿವೆಗಳ ಕೃಷಿ, ಮೀನುಗಾರಿಕೆ, ಉಪ್ಪಿನ ತಯಾರಿಕೆ, ತೀರದ ಕಾನೂನು ಮತ್ತು ಕಡಲಿಗಿಳಿಯುವವರ ಪ್ರಾಣರಕ್ಷಣೆ ಇವೆಲ್ಲವೂ ಈ ಏರಿಳಿತದೊಂದಿಗೆ ಬೆಸೆದುಕೊಂಡಿವೆ. ಇಲ್ಲಿನ ಕಡಲಿನಲ್ಲಿ ಈಜುಗಾರರಿಗೆ ಒದಗುವ ಮುಖ್ಯ ಅಪಾಯವು ನೀರಿನ ತಂಪಿನಿಂದಾಗಲಿ ಉಬ್ಬರದ ಎತ್ತರದಿಂದಾಗಲಿ ಬರುವಂಥದ್ದಲ್ಲ; ಅದು ಅಲೆಗಳಿಂದಲೂ ಅಲೆಗಳು ಉಂಟುಮಾಡುವ ಸೆಳೆತದಿಂದಲೂ ಬರುತ್ತದೆ.

ಪರಿಭಾಷೆ

ಸಮುದ್ರದ ನೀರು ಏರುವುದನ್ನು ಉಬ್ಬರ ಅಥವಾ ಭರತ ಎಂದೂ ಇಳಿಯುವುದನ್ನು ಇಳಿತ ಎಂದೂ ಕರೆಯುತ್ತಾರೆ. ಒಂದು ಉಬ್ಬರದ ಗರಿಷ್ಠ ಮಟ್ಟಕ್ಕೂ ಅದರ ಮುಂದಿನ ಇಳಿತದ ಕನಿಷ್ಠ ಮಟ್ಟಕ್ಕೂ ಇರುವ ಅಂತರವು ಉಬ್ಬರವಿಳಿತದ ವ್ಯಾಪ್ತಿ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಸಮಯದಲ್ಲಿ ಸೂರ್ಯ ಚಂದ್ರರ ಆಕರ್ಷಣೆ ಒಂದೇ ನೇರದಲ್ಲಿ ಕೂಡುವುದರಿಂದ ವ್ಯಾಪ್ತಿ ಹೆಚ್ಚುತ್ತದೆ. ಇದನ್ನು ದೊಡ್ಡ ಉಬ್ಬರ ಎನ್ನಬಹುದು. ಎರಡೂ ಪಕ್ಷಗಳ ಅಷ್ಟಮಿಯ ಆಸುಪಾಸಿನಲ್ಲಿ ಅವುಗಳ ಆಕರ್ಷಣೆ ಪರಸ್ಪರ ಲಂಬವಾಗಿರುವುದರಿಂದ ವ್ಯಾಪ್ತಿ ಕುಗ್ಗುತ್ತದೆ. ಇದು ಸಣ್ಣ ಉಬ್ಬರ. ನದಿಯು ಕಡಲನ್ನು ಸೇರುವ ಎಡೆಗೆ ಕರಾವಳಿಯಲ್ಲಿ ಅಳಿವೆ ಎಂಬ ಹೆಸರಿದೆ. ಉಬ್ಬರವಿಳಿತ, ಅಲೆ ಮತ್ತು ಸೆಳೆತ ಮೂರೂ ಬೇರೆ ಬೇರೆ ವಿದ್ಯಮಾನಗಳು. ಉಬ್ಬರವಿಳಿತವು ಗಂಟೆಗಳ ಅವಧಿಯಲ್ಲಿ ನಡೆಯುತ್ತದೆ, ಅಲೆಯು ಸೆಕೆಂಡುಗಳ ಅವಧಿಯಲ್ಲಿ ಬಂದುಹೋಗುತ್ತದೆ, ಸೆಳೆತವು ಮುರಿದ ಅಲೆಗಳ ನೀರು ಕಡಲಿಗೆ ಮರಳುವ ಹರಿವಾಗಿದೆ.

ಉಬ್ಬರವಿಳಿತದ ಸ್ವರೂಪ

ಕರ್ನಾಟಕದ ತೀರದ ಉಬ್ಬರವಿಳಿತವು ಮಿಶ್ರ ಅರೆದೈನಿಕ ವರ್ಗಕ್ಕೆ ಸೇರಿದೆ. ಅಂದರೆ ದಿನಕ್ಕೆ ಎರಡು ಉಬ್ಬರಗಳು ಬರುತ್ತವೆಯಾದರೂ ಅವೆರಡರ ಎತ್ತರ ಸಮನಾಗಿರುವುದಿಲ್ಲ. ಚಂದ್ರನು ಭೂಮಧ್ಯರೇಖೆಯ ನೇರದಿಂದ ಉತ್ತರಕ್ಕೋ ದಕ್ಷಿಣಕ್ಕೋ ಹೆಚ್ಚು ಸರಿದಿರುವ ದಿನಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ದೊಡ್ಡ ಉಬ್ಬರದ ದಿನಗಳಲ್ಲಿ ಮಂಗಳೂರಿನಲ್ಲಿ ವ್ಯಾಪ್ತಿ ಸುಮಾರು 1.5 ಮೀಟರ್ ಇರುತ್ತದೆ. ಕಾರವಾರದಲ್ಲಿ ಅದು ಇನ್ನಷ್ಟು ಹೆಚ್ಚಿ 2 ಮೀಟರಿನ ಸಮೀಪಕ್ಕೆ ಬರುತ್ತದೆ. ಪಶ್ಚಿಮ ಕರಾವಳಿಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ವ್ಯಾಪ್ತಿ ಹೆಚ್ಚುತ್ತಾ ಹೋಗುತ್ತದೆ. ಕೇರಳದ ಕೊಚ್ಚಿಯಲ್ಲಿ ಅದು ಸುಮಾರು 1 ಮೀಟರಿನಷ್ಟು ಮಾತ್ರ. ಖಂಭಾತ್ ಕೊಲ್ಲಿಯ ಭಾವನಗರದಲ್ಲಿ ಸುಮಾರು 10 ಮೀಟರ್. ಉತ್ತರದ ಕಡೆಗೆ ಕಡಲಡಿಯ ಭೂಖಂಡದ ಅಂಚು ಅಗಲವಾಗುವುದು ಮತ್ತು ಕೊಲ್ಲಿಯು ಒಳಕ್ಕೆ ಹೋದಂತೆ ಕಿರಿದಾಗುವುದು ಇದಕ್ಕೆ ಮುಖ್ಯ ಕಾರಣಗಳು.

ವ್ಯಾಪ್ತಿಯು ಅಲ್ಪವೆಂದು ತೋರಿದರೂ ಇಳಿಜಾರು ಕಡಿಮೆಯಿರುವ ಮರಳ ತೀರದಲ್ಲಿ ಅದರ ಪರಿಣಾಮ ದೊಡ್ಡದು. ಪ್ರತಿ 30 ಮೀಟರಿಗೆ 1 ಮೀಟರ್ ಇಳಿಯುವ ತೀರದಲ್ಲಿ ನೀರು 1.5 ಮೀಟರ್ ಏರಿದರೆ ದಡದ ಗೆರೆಯು 45 ಮೀಟರ್ ಒಳಕ್ಕೆ ಸರಿಯುತ್ತದೆ.

ನೀರು ಏರುವ ವೇಗ ಎಲ್ಲ ಹೊತ್ತಿನಲ್ಲಿಯೂ ಒಂದೇ ಆಗಿರುವುದಿಲ್ಲ. ಇಳಿತದಿಂದ ಉಬ್ಬರಕ್ಕೆ ಹಿಡಿಯುವ ಸುಮಾರು ಆರು ಗಂಟೆಗಳಲ್ಲಿ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಗಂಟೆವಾರು ಅದು 1, 2, 3, 3, 2, 1 ಪಾಲುಗಳಂತೆ ಹಂಚಿಹೋಗುತ್ತದೆ ಎಂಬುದು ನಾವಿಕರು ಬಳಸುವ ಸ್ಥೂಲ ಲೆಕ್ಕ. ವ್ಯಾಪ್ತಿ 1.2 ಮೀಟರ್ ಇರುವ ದಿನ ಮೊದಲ ಗಂಟೆಯಲ್ಲಿ 10 ಸೆಂ.ಮೀ. ಮಾತ್ರ ಏರುವ ನೀರು ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ 30 ಸೆಂ.ಮೀ. ಏರುತ್ತದೆ. ಅಳಿವೆಗಳಲ್ಲಿ ಹರಿವು ಅತಿ ಬಿರುಸಾಗಿರುವುದೂ ಸಾಮಾನ್ಯವಾಗಿ ಈ ನಡುವಿನ ಹೊತ್ತಿನಲ್ಲಿಯೇ.

ತಿಥಿ ಮತ್ತು ಸಮಯ

ಚಂದ್ರನು ಆಕಾಶದಲ್ಲಿ ಅದೇ ಸ್ಥಾನಕ್ಕೆ ಮರಳಲು ಸರಾಸರಿ 24 ಗಂಟೆ 50 ನಿಮಿಷ ಬೇಕು. ಹಾಗಾಗಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿದ್ದು, ಉಬ್ಬರದ ಸಮಯವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಈ ಕಾರಣದಿಂದ ಉಬ್ಬರದ ಹೊತ್ತು ತಿಥಿಯನ್ನು ಅನುಸರಿಸುತ್ತದೆ. ಕರ್ನಾಟಕದ ತೆರೆದ ತೀರದಲ್ಲಿ ಅಮಾವಾಸ್ಯೆ ಮತ್ತು ಹುಣ್ಣಿಮೆಗಳಂದು ಉಬ್ಬರವು ನಡುಹಗಲಿಗೂ ನಡುರಾತ್ರಿಗೂ ಸ್ವಲ್ಪ ಮೊದಲು, ಸ್ಥೂಲವಾಗಿ 10ರಿಂದ 12 ಗಂಟೆಯ ನಡುವೆ ಬರುತ್ತದೆ. ಆ ದಿನಗಳ ಇಳಿತವು ಮುಂಜಾವಿನಲ್ಲಿ ಮತ್ತು ಸಂಜೆಯಲ್ಲಿ ಬೀಳುತ್ತದೆ. ವ್ಯಾಪ್ತಿಯು ಗರಿಷ್ಠಕ್ಕೇರುವುದು ತಿಥಿಯ ದಿನದಂದೇ ಅಲ್ಲ, ಸಾಮಾನ್ಯವಾಗಿ ಒಂದೆರಡು ದಿನಗಳ ಬಳಿಕ.

ಇದರ ಫಲವಾಗಿ ಹುಣ್ಣಿಮೆಯ ಸಂಜೆ ಸೂರ್ಯಾಸ್ತ ನೋಡಲು ಬರುವವರಿಗೆ ಕಡಲತೀರವು ವಿಶಾಲವಾಗಿ ಕಾಣುತ್ತದೆ. ಬೇರೆ ಹೊತ್ತಿನಲ್ಲಿ ಮುಳುಗಿರುವ ಬಂಡೆಗಳ ತನಕ ನಡೆದುಹೋಗಬಹುದು. ಕತ್ತಲಾದ ಮೇಲೆ ನೀರು ಮರಳಿ ಏರತೊಡಗುವುದರಿಂದ ಬಂಡೆಗಳ ಹಿಂದಿನ ಚಿಕ್ಕ ತೀರಗಳಲ್ಲಿ ಉಳಿದವರಿಗೆ ಬಂದ ದಾರಿ ಮುಚ್ಚಿಹೋಗುವ ಸಂಭವವಿದೆ.

ಋತುಮಾನದ ವ್ಯತ್ಯಾಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನಲ್ಲಿ ತೀರದಾಚೆಯ ಅಲೆಗಳು 3 ಮೀಟರ್ ಎತ್ತರವನ್ನೂ ಮೀರುತ್ತವೆ. ಮಳೆಗಾಲ ಕಳೆದ ನಂತರದ ತಿಂಗಳುಗಳಲ್ಲಿ ಅವು ಸಾಮಾನ್ಯವಾಗಿ 1 ಮೀಟರಿನ ಒಳಗಿರುತ್ತವೆ. ಮುಂಗಾರಿನಲ್ಲಿ ಕಡಲು ಉಕ್ಕಿದಂತೆ ಕಂಡರೂ, ಅಲೆಗಳನ್ನು ಬಿಟ್ಟು ಲೆಕ್ಕ ಹಾಕಿದ ಸರಾಸರಿ ಮಟ್ಟವು ಮುಂಗಾರಿನ ಉತ್ತರಾರ್ಧದಲ್ಲಿ ಕೆಳಗಿಳಿದು ಚಳಿಗಾಲದ ಆರಂಭದಲ್ಲಿ ಏರುತ್ತದೆ. ತೀರದುದ್ದಕ್ಕೂ ಹರಿಯುವ ಸಾಗರ ಪ್ರವಾಹವು ಋತುವಿನೊಂದಿಗೆ ದಿಕ್ಕು ಬದಲಿಸುವುದು ಇದಕ್ಕೆ ಕಾರಣ. ಕರ್ನಾಟಕದಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ.

ವೀಕ್ಷಣೆ ಮತ್ತು ಮುನ್ಸೂಚನೆ

ಭಾರತದಲ್ಲಿ ಉಬ್ಬರವಿಳಿತವನ್ನು ಕ್ರಮಬದ್ಧವಾಗಿ ಅಳೆಯುವ ಕಾರ್ಯವನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆಯು ಕೈಗೊಂಡಿತು. ಆಗ ಮಾಪಕಗಳನ್ನು ಸ್ಥಾಪಿಸಿದ ಬಂದರುಗಳಲ್ಲಿ ಕಾರವಾರವೂ ಒಂದು. ಬಾವಿಯಂತಹ ಕೊಳವೆಯೊಂದರಲ್ಲಿ ತೇಲುವ ಬೆಂಡಿನ ಏರಿಳಿತವನ್ನು ತಿರುಗುವ ಉರುಳೆಯ ಮೇಲಿನ ಕಾಗದದಲ್ಲಿ ಪೆನ್ಸಿಲಿನಿಂದ ದಾಖಲಿಸುವುದು ಆ ಕಾಲದ ಮಾಪಕಗಳ ವಿಧಾನವಾಗಿತ್ತು. ಕೊಳವೆಯ ಕಿರಿದಾದ ಬಾಯಿಯು ಅಲೆಗಳ ಕುಲುಕಾಟವನ್ನು ತಡೆದು ನಿಧಾನವಾದ ಏರಿಳಿತವನ್ನು ಮಾತ್ರ ಒಳಬಿಡುತ್ತದೆ. ಹೀಗೆ ಪಡೆದ ದಾಖಲೆಯನ್ನು ಚಂದ್ರ ಮತ್ತು ಸೂರ್ಯರ ಚಲನೆಗೆ ಅನುಗುಣವಾದ ಅನೇಕ ಆವರ್ತಗಳಾಗಿ ವಿಂಗಡಿಸಿ, ಅವುಗಳನ್ನು ಮರಳಿ ಕೂಡಿಸುವ ಮೂಲಕ ಮುಂಬರುವ ವರ್ಷಗಳ ಉಬ್ಬರವಿಳಿತವನ್ನು ಗಣಿಸಲಾಗುತ್ತದೆ. ಇಲಾಖೆಯು ಪ್ರತಿವರ್ಷ ಉಬ್ಬರವಿಳಿತ ಕೋಷ್ಟಕಗಳನ್ನು ಪ್ರಕಟಿಸುತ್ತದೆ.

ಕಾರವಾರದ ವೀಕ್ಷಣೆಗಳಿಗೆ ಒಳನಾಡಿನಲ್ಲಿಯೂ ಮಹತ್ವವಿದೆ. ಭಾರತದಲ್ಲಿ ಎತ್ತರಗಳನ್ನು ಅಳೆಯಲು 1909ರಲ್ಲಿ ನಿಗದಿಯಾದ ಸರಾಸರಿ ಸಮುದ್ರ ಮಟ್ಟದ ಆಧಾರವು ಒಂಬತ್ತು ಬಂದರುಗಳ ಉಬ್ಬರವಿಳಿತ ದಾಖಲೆಗಳನ್ನು ಅವಲಂಬಿಸಿತ್ತು. ಇಂದಿನ ಕರ್ನಾಟಕಕ್ಕೆ ಸೇರಿದ ಕಾರವಾರವು ಅವುಗಳಲ್ಲೊಂದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ ಎನ್ನುವಾಗ, ಅಥವಾ ರೈಲು ನಿಲ್ದಾಣಗಳ ಹಳದಿ ಫಲಕದಲ್ಲಿ ಎತ್ತರವನ್ನು ನಮೂದಿಸುವಾಗ, ಆ ಸಂಖ್ಯೆಯ ಸೊನ್ನೆಯು ಇಂತಹ ವೀಕ್ಷಣೆಗಳಿಂದ ದೊರೆತದ್ದು. ಹಳೆಯ ಬೆಂಗಳೂರಿನ ಕೆರೆಗಳಿಗೆ ಕೆಂಪಾಂಬುಧಿ, ಧರ್ಮಾಂಬುಧಿ ಎಂದು ಕಡಲನ್ನು ಸೂಚಿಸುವ ಹೆಸರುಗಳಿದ್ದರೂ ಕೆರೆಗಳಲ್ಲಿ ಕಣ್ಣಿಗೆ ಕಾಣುವ ಉಬ್ಬರವಿಳಿತ ಉಂಟಾಗುವುದಿಲ್ಲ. ಚಿಕ್ಕ ಜಲರಾಶಿಯ ಒಂದು ದಡಕ್ಕೂ ಇನ್ನೊಂದು ದಡಕ್ಕೂ ಚಂದ್ರನ ಆಕರ್ಷಣೆಯಲ್ಲಿ ಗಣನೀಯ ವ್ಯತ್ಯಾಸವಿಲ್ಲದಿರುವುದು ಇದಕ್ಕೆ ಕಾರಣ.

1999ರಲ್ಲಿ ಸ್ಥಾಪನೆಯಾದ, ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಅಲೆಗಳ ಎತ್ತರ, ಪ್ರವಾಹ ಮತ್ತು ಸಮುದ್ರದ ಸ್ಥಿತಿಯ ಮುನ್ಸೂಚನೆಗಳನ್ನು ನೀಡುತ್ತದೆ. ಸ್ಥಳೀಯವಾಗಿ ಗಾಳಿಯಿಲ್ಲದೆ ಹವೆ ಶಾಂತವಾಗಿದ್ದಾಗಲೂ ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಗಳಿಂದ ಹುಟ್ಟಿದ ದೀರ್ಘ ಅಲೆಗಳು ಕೆಲವು ದಿನಗಳ ಬಳಿಕ ಈ ತೀರವನ್ನು ತಲುಪಿ ನೀರನ್ನು ಒಳನುಗ್ಗಿಸುವುದುಂಟು. ಮಲಯಾಳದಲ್ಲಿ ಇದಕ್ಕೆ ಕಳ್ಳಕ್ಕಡಲ್, ಅಂದರೆ ಕಳ್ಳನಂತೆ ಬರುವ ಕಡಲು, ಎಂಬ ಹೆಸರಿದ್ದು ವಿಜ್ಞಾನಿಗಳೂ ಅದೇ ಹೆಸರನ್ನು ಬಳಸುತ್ತಾರೆ. ಮುಂಗಾರಿಗೆ ಮುಂಚಿನ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಇಂತಹ ಅಲೆಗಳು ದೊಡ್ಡ ಉಬ್ಬರದೊಂದಿಗೆ ಕೂಡಿಬಂದರೆ ತಗ್ಗಿನ ತೀರಗಳು ಜಲಾವೃತವಾಗುತ್ತವೆ.

ಕಡಲತೀರಗಳು

ಭೂಸ್ವರೂಪದ ದೃಷ್ಟಿಯಿಂದ ಕರ್ನಾಟಕದ ತೀರವನ್ನು ಎರಡು ಭಾಗಗಳಾಗಿ ನೋಡಬಹುದು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಉಳ್ಳಾಲ, ತಣ್ಣೀರುಬಾವಿ, ಪಣಂಬೂರು, ಸಸಿಹಿತ್ಲು, ಪಡುಬಿದ್ರಿ, ಕಾಪು, ಮಲ್ಪೆ, ಮರವಂತೆ ಮುಂತಾದ, ನೇರವಾಗಿ ಚಾಚಿರುವ ಮರಳ ತೀರಗಳೇ ಹೆಚ್ಚು. ಇವುಗಳಲ್ಲಿ ಕೆಲವು, ನದಿ ಮತ್ತು ಕಡಲಿನ ನಡುವೆ ನಾಲಿಗೆಯಂತೆ ಚಾಚಿದ ಕಿರಿದಾದ ಮರಳು ದಿಣ್ಣೆಗಳು. ಉತ್ತರ ಕನ್ನಡದಲ್ಲಿ ಬೆಟ್ಟದ ಚಾಚುಗಳು ಕಡಲಿನವರೆಗೆ ಬಂದಿರುವುದರಿಂದ ಎರಡು ಬಂಡೆಗಳ ಮಧ್ಯೆ ಅಡಗಿದ ಅರ್ಧಚಂದ್ರಾಕಾರದ ತೀರಗಳು ಕಂಡುಬರುತ್ತವೆ. ಗೋಕರ್ಣದ ಕುಡ್ಲೆ ಮತ್ತು ಓಂ ತೀರಗಳು ಈ ಬಗೆಯವು. ಪಡುಬಿದ್ರಿ ಮತ್ತು ಹೊನ್ನಾವರ ಸಮೀಪದ ಕಾಸರಕೋಡು ತೀರಗಳಿಗೆ 2020ರಲ್ಲಿ ಅಂತರರಾಷ್ಟ್ರೀಯ ನೀಲಿ ಬಾವುಟ ಮಾನ್ಯತೆ ದೊರೆಯಿತು.

ಮರಳ ತೀರದ ಆಕಾರವು ವರ್ಷಪೂರ್ತಿ ಒಂದೇ ರೀತಿ ಇರುವುದಿಲ್ಲ. ಮುಂಗಾರಿನ ಅಲೆಗಳು ದಡದ ಮರಳನ್ನು ಕೊರೆದು ಕಡಲೊಳಗೆ ಒಯ್ದು ದಿಬ್ಬಗಳಾಗಿ ಪೇರಿಸುತ್ತವೆ. ಮಳೆಗಾಲದ ನಂತರದ ಶಾಂತ ಅಲೆಗಳು ಅದೇ ಮರಳನ್ನು ನಿಧಾನವಾಗಿ ದಡಕ್ಕೆ ಮರಳಿಸುತ್ತವೆ. ಈ ಲೆಕ್ಕ ಸರಿತೂಗದಿದ್ದಲ್ಲಿ ಕಡಲ್ಕೊರೆತ ಶಾಶ್ವತವಾಗುತ್ತದೆ. ಉಳ್ಳಾಲ ಮತ್ತು ಸೋಮೇಶ್ವರದ ತೀರಗಳಲ್ಲಿ ಮನೆ, ತೆಂಗಿನ ತೋಟ ಮತ್ತು ರಸ್ತೆಗಳು ಹಲವು ಬಾರಿ ಕಡಲಿನ ಪಾಲಾಗಿವೆ. ದೊಡ್ಡ ಉಬ್ಬರ ಮತ್ತು ಮುಂಗಾರಿನ ಅಲೆಗಳು ಒಟ್ಟಿಗೆ ಬಂದ ದಿನಗಳಲ್ಲಿ ಕೊರೆತ ತೀವ್ರವಾಗಿರುತ್ತದೆ.

ಅಳಿವೆಗಳು ಮತ್ತು ಜೀವನೋಪಾಯ

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಕುಂದಾಪುರದ ಪಂಚಗಂಗಾವಳಿ, ಸೀತಾ ಮತ್ತು ಸುವರ್ಣಾ, ಶಾಂಭವಿ ಮತ್ತು ನಂದಿನಿ, ಗುರುಪುರ ಮತ್ತು ನೇತ್ರಾವತಿ ನದಿಗಳ ಅಳಿವೆಗಳಲ್ಲಿ ಉಬ್ಬರದ ಉಪ್ಪುನೀರು ಒಳನಾಡಿನತ್ತ ಹಲವು ಕಿಲೋಮೀಟರ್ ಸಾಗುತ್ತದೆ. ಬೇಸಿಗೆಯಲ್ಲಿ ನದಿಯ ಹರಿವು ಕುಗ್ಗಿದಾಗ ಇದು ಬಾವಿ ಮತ್ತು ಗದ್ದೆಗಳನ್ನು ಬಾಧಿಸುವುದರಿಂದ ಅನೇಕ ಕಡೆ ಕಿಂಡಿ ಅಣೆಕಟ್ಟುಗಳನ್ನು ನಿರ್ಮಿಸಲಾಗಿದೆ.

ಉಪ್ಪುನೀರನ್ನೇ ಬಳಸಿಕೊಳ್ಳುವ ಪದ್ಧತಿಗಳೂ ಇಲ್ಲಿವೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಗಜನಿ ಎಂದು ಕರೆಯುವ ತಗ್ಗು ಗದ್ದೆಗಳಿವೆ. ಮಳೆಗಾಲದಲ್ಲಿ ನದಿಯ ಸಿಹಿನೀರು ಉಪ್ಪಿನಂಶವನ್ನು ತಗ್ಗಿಸಿದಾಗ ಅಲ್ಲಿ ಉಪ್ಪು ಸಹಿಸುವ ಕಗ್ಗ ಎಂಬ ಭತ್ತವನ್ನು ಬೆಳೆಯುತ್ತಾರೆ. ಕೊಯ್ಲಿನ ನಂತರ ಕಟ್ಟೆಯ ತೂಬುಗಳ ಮೂಲಕ ಉಬ್ಬರದ ನೀರನ್ನು ಒಳಬಿಟ್ಟು, ಅದರೊಂದಿಗೆ ಬರುವ ಸಿಗಡಿ ಮತ್ತು ಮೀನನ್ನು ಇಳಿತದ ಹೊತ್ತಿನಲ್ಲಿ ಹಿಡಿಯುತ್ತಾರೆ. ಗೋಕರ್ಣದ ಸಮೀಪದ ಸಾಣಿಕಟ್ಟದಲ್ಲಿ ಉಬ್ಬರದ ನೀರನ್ನು ಪಾತಿಗಳಲ್ಲಿ ನಿಲ್ಲಿಸಿ ಉಪ್ಪು ತಯಾರಿಸುತ್ತಾರೆ. ಇಳಿತದಲ್ಲಿ ತೆರೆದುಕೊಳ್ಳುವ ಕೆಸರು ದಿಬ್ಬಗಳಲ್ಲಿ ಚಿಪ್ಪುಜೀವಿಗಳನ್ನು ಆಯುವುದು ಈ ಅಳಿವೆಯ ನೂರಾರು ಕುಟುಂಬಗಳ ಕಸುಬು. ಇವುಗಳನ್ನು ಉತ್ತರ ಕನ್ನಡದಲ್ಲಿ ಬಳಚು ಎಂದೂ ತುಳುನಾಡಿನಲ್ಲಿ ಮರುವಾಯಿ ಎಂದೂ ಕರೆಯುತ್ತಾರೆ. ಇಂತಹ ದುಡಿಮೆಯ ಹೊತ್ತು ಗಡಿಯಾರಕ್ಕಿಂತ ತಿಥಿಯನ್ನು ಅನುಸರಿಸುತ್ತದೆ. ಅಘನಾಶಿನಿ ಅಳಿವೆಯನ್ನು 2024ರಲ್ಲಿ ರಾಮ್ಸರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು.

ಅಳಿವೆಬಾಯಿಯು ದೋಣಿಗಳಿಗೆ ಅಪಾಯಕಾರಿ ಸ್ಥಳವೂ ಹೌದು. ಇಳಿತದಲ್ಲಿ ಹೊರಕ್ಕೆ ಧಾವಿಸುವ ನದಿನೀರು ಒಳಬರುವ ಅಲೆಗಳಿಗೆ ಎದುರಾದಾಗ ಅಲೆಗಳು ಕಡಿದಾಗಿ ಎದ್ದು ಮುರಿಯುತ್ತವೆ. ಮರಳು ದಿಬ್ಬದ ಮೇಲೆ ನೀರು ತೆಳುವಾಗಿರುವುದೂ ಆ ಹೊತ್ತಿನಲ್ಲಿಯೇ. ಆದ್ದರಿಂದ ಮೀನುಗಾರರು ಸಾಧ್ಯವಾದಷ್ಟು ಉಬ್ಬರವನ್ನು ನೋಡಿಕೊಂಡು ಅಳಿವೆಯನ್ನು ದಾಟುತ್ತಾರೆ.

ಕಡಲ ಈಜು

ಕರಾವಳಿಯ ಮೀನುಗಾರ ಸಮುದಾಯಗಳಲ್ಲಿ ಈಜು ಬಾಲ್ಯದಿಂದಲೇ ಬರುವ ವಿದ್ಯೆ. ಉಡುಪಿ ಜಿಲ್ಲೆಯ ಗೋಪಾಲ ಖಾರ್ವಿಯವರು 2013ರಲ್ಲಿ ಕೈಗಳಿಗೆ ಕೋಳ ತೊಟ್ಟು ಸೇಂಟ್ ಮೇರೀಸ್ ದ್ವೀಪದಿಂದ ಮಲ್ಪೆಯ ಕಡೆಗೆ ಸುಮಾರು 3 ಕಿ.ಮೀ. ಈಜಿ ಗಿನ್ನೆಸ್ ದಾಖಲೆ ಸ್ಥಾಪಿಸಿದರು. ಮೂಲ್ಕಿ ಮತ್ತು ಸಸಿಹಿತ್ಲು ಪರಿಸರವು ಅಲೆಸವಾರಿಯ ಕೇಂದ್ರವಾಗಿ ಬೆಳೆದಿದ್ದು, 2016ರಲ್ಲಿ ಸಸಿಹಿತ್ಲಿನಲ್ಲಿ ರಾಷ್ಟ್ರಮಟ್ಟದ ಅಲೆಸವಾರಿ ಸ್ಪರ್ಧೆ ನಡೆಯಿತು.

ನೀರಿನ ಉಷ್ಣತೆ

ತಣ್ಣೀರು ಈಜು ಎಂಬ ಹೆಸರು ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯ ನೀರಿಗೆ ಸಲ್ಲುತ್ತದೆ. ಕರ್ನಾಟಕದ ಕಡಲ ಮೇಲ್ಪದರವು ವರ್ಷವಿಡೀ ಸುಮಾರು 26ರಿಂದ 31 ಡಿಗ್ರಿಗಳ ನಡುವೆ ಇರುವುದರಿಂದ ಆ ಅರ್ಥದ ತಣ್ಣೀರು ಈಜಿಗೆ ಇಲ್ಲಿ ಅವಕಾಶವಿಲ್ಲ. ಅಂತರರಾಷ್ಟ್ರೀಯ ತೆರೆನೀರು ಈಜು ಸ್ಪರ್ಧೆಗಳಿಗೆ ನೀರಿನ ಉಷ್ಣತೆಯು 16 ಡಿಗ್ರಿಗಿಂತ ಕಡಿಮೆಯಾಗಲಿ 31 ಡಿಗ್ರಿಗಿಂತ ಹೆಚ್ಚಾಗಲಿ ಇರಬಾರದೆಂಬ ನಿಯಮವಿದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಈ ತೀರದ ನೀರು ಮೇಲ್ಮಿತಿಯನ್ನು ಸಮೀಪಿಸುತ್ತದೆ. ಆದ್ದರಿಂದ ಇಲ್ಲಿ ದೂರ ಈಜುವವರು ಚಳಿಗಿಂತ ಬಿಸಿಲು, ಬಳಲಿಕೆ ಮತ್ತು ದೇಹದ ನೀರಿನಂಶ ಕುಗ್ಗುವುದರ ಬಗ್ಗೆ ಎಚ್ಚರ ವಹಿಸಬೇಕಾಗುತ್ತದೆ.

ಒಳನಾಡಿನಲ್ಲಿ ಪರಿಸ್ಥಿತಿ ಬೇರೆ. ಎತ್ತರದ ಕಾರಣದಿಂದ ಬೆಂಗಳೂರಿನ ಚಳಿಗಾಲದ ರಾತ್ರಿಗಳು ತಂಪಾಗಿರುತ್ತವೆ. ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿ 13ರ 7.8 ಡಿಗ್ರಿ. ಬಸವನಗುಡಿ ಅಥವಾ ಮಲ್ಲೇಶ್ವರದಂತಹ ಬಡಾವಣೆಗಳಲ್ಲಿ, ಬಿಸಿ ಮಾಡುವ ವ್ಯವಸ್ಥೆಯಿಲ್ಲದ ತೆರೆದ ಈಜುಕೊಳದ ನೀರು ಜನವರಿಯ ಮುಂಜಾನೆ ಮಂಗಳೂರಿನ ಕಡಲಿಗಿಂತ ತಣ್ಣಗಿರುತ್ತದೆ. ಆದರೂ ಇದು 1958ರಲ್ಲಿ ಮಿಹಿರ್ ಸೇನ್ ಅವರು ಭಾರತೀಯರಲ್ಲಿ ಮೊದಲಿಗರಾಗಿ ದಾಟಿದ ಇಂಗ್ಲಿಷ್ ಕಾಲುವೆಯ ತಂಪಿಗೆ ಸಮನಲ್ಲ. ಅಲ್ಲಿನ ನೀರು ಬೇಸಿಗೆಯಲ್ಲಿಯೂ ಸುಮಾರು 15ರಿಂದ 18 ಡಿಗ್ರಿ ಮಾತ್ರ ಇರುತ್ತದೆ. ತಣ್ಣೀರಿಗೆ ಥಟ್ಟನೆ ಇಳಿದಾಗ ಮೊದಲ ಒಂದೆರಡು ನಿಮಿಷಗಳಲ್ಲಿ ಉಸಿರು ಹಿಡಿತ ತಪ್ಪಿ ನೀರು ಒಳಸೇರುವ ಅಪಾಯವಿರುವುದರಿಂದ ಅಂತಹ ಈಜಿಗೆ ದೇಹವನ್ನು ಹಂತಹಂತವಾಗಿ ಒಗ್ಗಿಸಬೇಕಾಗುತ್ತದೆ.

ಸೆಳೆತ

ಈ ತೀರದಲ್ಲಿ ಸಂಭವಿಸುವ ಮುಳುಗಡೆಗಳಿಗೆ ಸೆಳೆತವು ಪ್ರಮುಖ ಕಾರಣ. ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳು ದಿಬ್ಬಗಳ ನಡುವಿನ ತಗ್ಗನ್ನು ಹುಡುಕಿಕೊಂಡು ಕಿರಿದಾದ ಕಾಲುವೆಯಂತೆ ಕಡಲಿಗೆ ಮರಳುತ್ತದೆ. ಅದರ ವೇಗವು ಕೆಲವೊಮ್ಮೆ ಸೆಕೆಂಡಿಗೆ 2 ಮೀಟರಿನಷ್ಟಾಗಬಹುದು. ಇಷ್ಟು ವೇಗಕ್ಕೆ ಎದುರಾಗಿ ಈಜುವುದು ನುರಿತವರಿಗೂ ಸಾಧ್ಯವಿಲ್ಲ. ಸೆಳೆತವಿರುವ ಜಾಗದಲ್ಲಿ ನೀರು ಆಳವಾಗಿರುವುದರಿಂದ ಅಲೆಗಳು ಅಲ್ಲಿ ಮುರಿಯುವುದು ಕಡಿಮೆ. ಅಕ್ಕಪಕ್ಕದಲ್ಲಿ ನೊರೆಯಿದ್ದು ಅಲ್ಲಿ ಮಾತ್ರ ನೀರು ಶಾಂತವಾಗಿ, ಕೊಂಚ ಕಪ್ಪಾಗಿ ಕಾಣುವುದರಿಂದ ಕಡಲಿನ ಪರಿಚಯವಿಲ್ಲದವರು ಅದನ್ನೇ ಸುರಕ್ಷಿತ ಜಾಗವೆಂದು ಭಾವಿಸುವುದುಂಟು. ಇಳಿತದ ಹೊತ್ತಿನಲ್ಲಿ ನೀರು ದಿಬ್ಬಗಳ ನಡುವಿನ ತಗ್ಗುಗಳಿಗೆ ಸೀಮಿತಗೊಳ್ಳುವುದರಿಂದ ಸೆಳೆತವು ಸಾಮಾನ್ಯವಾಗಿ ಬಲಗೊಳ್ಳುತ್ತದೆ. ಬಂಡೆಯ ಚಾಚುಗಳು ಮತ್ತು ಅಲೆತಡೆ ಗೋಡೆಗಳ ಪಕ್ಕದಲ್ಲಿ ಅದು ಶಾಶ್ವತವಾಗಿಯೂ ಇರಬಹುದು.

2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ಸಮುದ್ರಪಾಲಾದರು. ಆ ಬಳಿಕ ತೀರವನ್ನು ಕೆಲಕಾಲ ಸಾರ್ವಜನಿಕರಿಗೆ ಮುಚ್ಚಲಾಗಿತ್ತು. ಡಿಸೆಂಬರ್ ಕಡಲು ಶಾಂತವೆಂದು ಪರಿಗಣಿಸುವ ತಿಂಗಳು. ಮುಂಗಾರು ಕಳೆದ ಮಾತ್ರಕ್ಕೆ ಸೆಳೆತದ ಅಪಾಯ ಇಲ್ಲವಾಗುವುದಿಲ್ಲ.

ಸುರಕ್ಷತೆ

ಸೆಳೆತಕ್ಕೆ ಸಿಲುಕಿದವರು ದಡದತ್ತ ನೇರವಾಗಿ ಈಜಲು ಹೆಣಗಬಾರದು. ಸೆಳೆತವು ಮನುಷ್ಯನನ್ನು ಹೊರಕ್ಕೆ ಒಯ್ಯುತ್ತದೆಯೇ ಹೊರತು ಅಡಿಗೆ ಎಳೆಯುವುದಿಲ್ಲ. ದಣಿವು ಮತ್ತು ಗಾಬರಿಯಿಂದಲೇ ಹೆಚ್ಚಿನ ಸಾವುಗಳು ಸಂಭವಿಸುತ್ತವೆ. ಅಂಗಾತ ತೇಲುತ್ತಾ ಉಸಿರನ್ನು ಹತೋಟಿಗೆ ತಂದುಕೊಂಡು, ಕೈಯೆತ್ತಿ ಸಹಾಯ ಕೋರಬೇಕು. ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಸರಿದು, ಅಲೆಗಳು ನೊರೆಯಾಗಿ ಮುರಿಯುತ್ತಿರುವ ಕಡೆಯಿಂದ ದಡಕ್ಕೆ ಮರಳಬೇಕು. ದಡದಲ್ಲಿರುವವರು ರಕ್ಷಣೆಗೆಂದು ಬರಿಗೈಯಲ್ಲಿ ನೀರಿಗೆ ಧುಮುಕದೆ ಹಗ್ಗ, ಖಾಲಿ ಕ್ಯಾನ್ ಅಥವಾ ತೇಲುವ ಯಾವುದಾದರೂ ವಸ್ತುವನ್ನು ಎಸೆಯುವುದು ಸೂಕ್ತ.

ಕೆಂಪು ಮತ್ತು ಹಳದಿ ಬಾವುಟಗಳ ನಡುವಿನ ಪ್ರದೇಶವು ಜೀವರಕ್ಷಕರ ಕಣ್ಗಾವಲಿನಲ್ಲಿರುತ್ತದೆ. ಕೆಂಪು ಬಾವುಟವು ತೀವ್ರ ಅಪಾಯದ ಸೂಚನೆ. ಈಜುಕೊಳದಲ್ಲಿ ಕಲಿತವರಿಗೆ ಕಡಲು ಹಲವು ರೀತಿಯಲ್ಲಿ ಭಿನ್ನವಾಗಿರುತ್ತದೆ. ಕೊಳದಲ್ಲಿ ಆಳ ಗೊತ್ತಿರುತ್ತದೆ, ಹಿಡಿಯಲು ಅಂಚಿರುತ್ತದೆ, ನೀರು ನಿಂತಿರುತ್ತದೆ. ಕಡಲಿನಲ್ಲಿ ಈ ಮೂರೂ ಇರುವುದಿಲ್ಲ.

ಉಬ್ಬರ ರೇಖೆ ಮತ್ತು ಕಾನೂನು

ಭಾರತದ ಕರಾವಳಿ ನಿಯಂತ್ರಣ ವಲಯದ ನಿಯಮಗಳು 1991ರಲ್ಲಿ ಮೊದಲಿಗೆ ಜಾರಿಗೆ ಬಂದು, 2011 ಮತ್ತು 2019ರಲ್ಲಿ ಹೊಸದಾಗಿ ಪ್ರಕಟವಾದವು. ದೊಡ್ಡ ಉಬ್ಬರದಲ್ಲಿ ನೀರು ನೆಲದ ಮೇಲೆ ತಲುಪುವ ಗರಿಷ್ಠ ಎಲ್ಲೆಯನ್ನು ಉಬ್ಬರ ರೇಖೆಯೆಂದು ಗುರುತಿಸಿ, ಕಡಲ ಮುಂಭಾಗದಲ್ಲಿ ಅಲ್ಲಿಂದ 500 ಮೀಟರ್‌ವರೆಗಿನ ನೆಲವನ್ನು ಈ ವಲಯಕ್ಕೆ ಸೇರಿಸಲಾಗಿದೆ. 2019ರ ನಿಯಮಗಳಂತೆ ಜನದಟ್ಟಣೆ ಹೆಚ್ಚಿರುವ ಗ್ರಾಮೀಣ ಭಾಗಗಳಲ್ಲಿ ರೇಖೆಯಿಂದ 50 ಮೀಟರ್, ಕಡಿಮೆ ಇರುವಲ್ಲಿ 200 ಮೀಟರ್ ಅಭಿವೃದ್ಧಿರಹಿತ ಪ್ರದೇಶವಾಗಿರುತ್ತದೆ. ರೇಖೆಯನ್ನು ಎಲ್ಲಿ ಎಳೆಯಲಾಗುತ್ತದೆ ಎಂಬುದು ಮೀನುಗಾರರ ಮನೆ, ಪ್ರವಾಸಿ ವಸತಿಗೃಹ ಮತ್ತು ಬಂದರು ಕಾಮಗಾರಿಗಳ ಭವಿಷ್ಯವನ್ನು ನಿರ್ಧರಿಸುತ್ತದೆ. ಕಡಲ್ಕೊರೆತದಿಂದ ದಡ ಹಿಂದೆ ಸರಿದ ಊರುಗಳಲ್ಲಿ ರೇಖೆಯೂ ಒಳಕ್ಕೆ ಸರಿಯುವುದರಿಂದ, ಹಿಂದೆ ನಿಯಮದ ಹೊರಗಿದ್ದ ಮನೆಗಳು ಅದರ ವ್ಯಾಪ್ತಿಗೆ ಬರುವ ಸಂದರ್ಭಗಳು ಉಂಟಾಗುತ್ತವೆ.